ಅಂಗಳದ ಹೊನ್ನಮಣಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವಚನವೊಂದರ ಅರ್ಥವನ್ನೋ, ಲಿಂಗಪೂಜೆಯ ಕ್ರಮವನ್ನೋ, ಹಬ್ಬದ ಆಚರಣೆಯನ್ನೋ ಕೇಳುವಂಥವು. ಈ ಸಲ ಬೆಳಗಾವಿ ಜಿಲ್ಲೆಯ ಸಹೋದರಿಯೊಬ್ಬರ ಪತ್ರವನ್ನು ಬಿಡಿಸಿದಾಗ ಲಕೋಟೆಯೊಳಗಿಂದ ಒಣಗಿದ ಒಂದು ಟೊಂಗೆಯೂ ಹಳದಿ ಬಣ್ಣದ ಏಳೆಂಟು ಹಣ್ಣುಗಳೂ ನಮ್ಮ ಮೇಜಿನ ಮೇಲೆ ಉದುರಿದವು. ತಮ್ಮ ಅಂಗಳದಲ್ಲಿ ಈ ಗಿಡ ಸೊಂಪಾಗಿ ಬೆಳೆದಿದೆಯೆಂದೂ, ನೀಲಿ ಹೂವು ಬಿಟ್ಟು ಅನಂತರ ಬಂಗಾರದ ಗುಂಡಿನಂಥ ಹಣ್ಣುಗಳನ್ನು ಇಳಿಬಿಡುತ್ತದೆಯೆಂದೂ ಅವರು ಬರೆದಿದ್ದಾರೆ. ಇದರ ಹೆಸರೇನು, ಇನ್ನಷ್ಟು ಗಿಡ ಮಾಡಿಕೊಳ್ಳುವುದು ಹೇಗೆ, ಹೂವನ್ನು ಇಷ್ಟಲಿಂಗಕ್ಕೆ ಏರಿಸಬಹುದೇ ಎಂಬುವು ಅವರ ಮೂರು ಪ್ರಶ್ನೆಗಳು. ಕೊನೆಯಲ್ಲಿ, ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ ಎಂದು ಸಂತೋಷದಿಂದ ತಿಳಿಸಿದ್ದಾರೆ.

ಆ ಹಣ್ಣುಗಳನ್ನು ಕಂಡೊಡನೆ ನಾವು ಮೊದಲು ಮಾಡಿದ ಕೆಲಸವೆಂದರೆ ಅವನ್ನು ಎಣಿಸಿ, ಒಂದೂ ನೆಲದ ಮೇಲೆ ಉಳಿಯದಂತೆ ಆಯ್ದು, ಕಾಗದದಲ್ಲಿ ಕಟ್ಟಿ ಮೇಲಿನ ಗೂಡಿನಲ್ಲಿ ಇಟ್ಟದ್ದು. ಇದಕ್ಕೆ ಕಾರಣವಿದೆ. ಕಾರಣವನ್ನು ಬಿಟ್ಟು ಉತ್ತರವನ್ನಷ್ಟೇ ಕೊಟ್ಟರೆ ಅದು ಅರ್ಧ ಉತ್ತರವಾದೀತು. ಆದುದರಿಂದ ನಮ್ಮ ತಪ್ಪೊಂದನ್ನು ಮೊದಲು ಹೇಳಿ ಮುಂದುವರಿಯುತ್ತೇವೆ.

೨೦೦೬ರ ಮಳೆಗಾಲದಲ್ಲಿ ನಾವು ನರ್ಸರಿಯೊಂದರಿಂದ ಇದೇ ಜಾತಿಯ ಎರಡು ಸಸಿಗಳನ್ನು ತಂದು ನಮ್ಮ ಓದಿನ ಕೋಣೆಯ ಕಿಟಕಿಯ ಬಳಿ ನೆಟ್ಟಿದ್ದೆವು. ಮಾರಿದವರಿಗೆ ಅದರ ಹೆಸರು ತಿಳಿದಿರಲಿಲ್ಲ, ನಾವೂ ವಿಚಾರಿಸಲಿಲ್ಲ. ಎರಡು ವರ್ಷಗಳಲ್ಲಿ ಗಿಡಗಳು ಆಳೆತ್ತರ ಬೆಳೆದು, ಬಾಗಿದ ಕೊಂಬೆಗಳ ತುಂಬ ಹಳದಿ ಹಣ್ಣುಗಳನ್ನು ತಳೆದವು. ಹೆಸರಿಲ್ಲದ ಗಿಡಕ್ಕೆ ನಾವೇ ‘ಹೊನ್ನಮಣಿ’ ಎಂದು ಹೆಸರಿಟ್ಟೆವು. ಶಿವಾನುಭವ ಗೋಷ್ಠಿಗೆ ಬರುತ್ತಿದ್ದ ಮೂರು ಕುಟುಂಬದವರು ಅದರ ಅಂದಕ್ಕೆ ಮನಸೋತು ಕೇಳಿದಾಗ ಟೊಂಗೆಗಳನ್ನು ಕತ್ತರಿಸಿ ಕೊಟ್ಟೆವು. ಗುರುಗಳ ಮನೆಯ ಗಿಡವೆಂಬ ಗೌರವದಿಂದ ಅವರು ಅದನ್ನು ಬೆಳೆಸಿದರು.

೨೦೧೬ರ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ಅದೇ ಊರಿನಲ್ಲಿದ್ದೆವು. ಆ ಮೂರು ಮನೆಗಳ ಪೈಕಿ ಒಂದರಲ್ಲಿ ಆ ದಿನ ನಮ್ಮ ಪ್ರಸಾದದ ವ್ಯವಸ್ಥೆಯಾಗಿತ್ತು. ಅಡುಗೆ ಇನ್ನೂ ಆಗುತ್ತಿದ್ದುದರಿಂದ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದೆವು. ಆ ಮನೆಯ ಐದು ವರ್ಷದ ಹೆಣ್ಣುಮಗು ಗಿಡದ ನೆರಳಿನಲ್ಲಿ ಪೂಜೆಯ ಆಟ ಆಡುತ್ತಿತ್ತು. ಹಂಚಿನ ಚೂರೊಂದನ್ನು ಪೀಠ ಮಾಡಿ, ಒಂದು ದುಂಡನೆಯ ಕಲ್ಲನ್ನಿಟ್ಟು, ಹೂವೇರಿಸಿ, ಎಲೆಯ ಮೇಲೆ ಹಳದಿ ಹಣ್ಣುಗಳನ್ನು ನೈವೇದ್ಯ ಮಾಡಿತು. ಆಮೇಲೆ ಎದ್ದು ಬಂದು, “ಅಜ್ಜಾರ, ಪ್ರಸಾದ ತಗೋರಿ” ಎಂದು ನಮ್ಮ ಅಂಗೈಗೆ ಮೂರು ಹಣ್ಣು ಹಾಕಿತು. ಮಗುವಿನ ಮನಸ್ಸು ನೋಯಬಾರದೆಂದು ನಾವು ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡಂತೆ ನಟಿಸಿ, ಹಣ್ಣುಗಳನ್ನು ಮುಷ್ಟಿಯಲ್ಲೇ ಉಳಿಸಿಕೊಂಡೆವು. ನಟಿಸಿದವರು ನಾವು. ಮಗು ನಟಿಸಲಿಲ್ಲ. ತನ್ನ ಪಾಲಿನದನ್ನು ತಿಂದಿತು.

ನಾವು ಪ್ರಸಾದ ಮುಗಿಸುವಷ್ಟರಲ್ಲಿ ಮಗುವಿಗೆ ಹೊಟ್ಟೆನೋವು, ವಾಂತಿ ಆರಂಭವಾದವು. ಮೈ ಬಿಸಿಯಾಯಿತು. ಆಮೇಲೆ ಕರೆದರೂ ಕಣ್ಣು ಬಿಡದಂಥ ಮಂಪರು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಏನು ತಿಂದಿದೆ?” ಎಂಬುದು. ತಂದೆ “ಹೊನ್ನಮಣಿ” ಎಂದರು. ವೈದ್ಯರು ನಮ್ಮ ಮುಖ ನೋಡಿದರು. ನಾವು ಪ್ರೀತಿಯಿಂದ ಇಟ್ಟ ಆ ಹೆಸರು ಅಂದು ಯಾರ ಉಪಯೋಗಕ್ಕೂ ಬರಲಿಲ್ಲ. ಮಗುವಿನ ಕಾಕಾ ಮನೆಗೆ ಓಡಿಹೋಗಿ ಹೂವು ಹಣ್ಣುಗಳ ಸಮೇತ ಒಂದು ಟೊಂಗೆ ಮುರಿದು ತಂದರು. ಸಸ್ಯಶಾಸ್ತ್ರ ಕಲಿಸುವ ಅಧ್ಯಾಪಕರೊಬ್ಬರಿಗೆ ಅದನ್ನು ತೋರಿಸಿದ ಮೇಲೆ ನಿಜವಾದ ಹೆಸರು ತಿಳಿಯಿತು. ಆ ರಾತ್ರಿಯೆಲ್ಲ ಮಗುವನ್ನು ನಿಗಾದಲ್ಲಿಟ್ಟರು. ಬೆಳಗಿನ ಹೊತ್ತಿಗೆ ಅದು ಕಣ್ಣು ತೆರೆದು ನೀರು ಕೇಳಿತು. ಬಸವಣ್ಣನವರ ಕೃಪೆ, ವೈದ್ಯರ ಶ್ರಮ. ಆಸ್ಪತ್ರೆಯ ಪಡಸಾಲೆಯಲ್ಲಿ ಆ ತಾಯಿ ನಮ್ಮನ್ನು ದೂರಲಿಲ್ಲ. “ನೀವು ಕೊಟ್ಟ ಗಿಡ ಅಂತ ದಿನಾ ನೀರು ಹಾಕೀನ್ರಿ ಗುರುಗಳೆ” ಎಂದಷ್ಟೇ ಹೇಳಿದರು. ದೂರಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ಗಿಡದ ಹೆಸರು ಡುರಾಂಟ. ಶಾಸ್ತ್ರೀಯವಾಗಿ ‘ಡುರಾಂಟ ಇರೆಕ್ಟ’. ಸ್ವೀಡನ್ ದೇಶದ ಲಿನೇಯಸ್ ಎಂಬ ಸಸ್ಯವಿಜ್ಞಾನಿ ೧೭೫೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೆಸರು ದಾಖಲಾಯಿತು. ಹಳೆಯ ತೋಟಗಾರಿಕೆಯ ಪುಸ್ತಕಗಳಲ್ಲಿ ‘ಡುರಾಂಟ ರೆಪೆನ್ಸ್’ ಎಂದೂ ‘ಡುರಾಂಟ ಪ್ಲೂಮಿಯೇರಿ’ ಎಂದೂ ಕಾಣುವುದು ಇದೇ ಗಿಡವೇ. ಇಟಲಿಯ ಕಾಸ್ತೋರೆ ಡುರಾಂಟೆ ಎಂಬ ವೈದ್ಯನ ನೆನಪಿಗಾಗಿ ಈ ಕುಲಕ್ಕೆ ಆ ಹೆಸರು ಬಂದಿದೆ. ಆತ ೧೫೮೫ರಲ್ಲಿ ರೋಮ್ ನಗರದಲ್ಲಿ ಗಿಡಮೂಲಿಕೆಗಳ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದವನು. ಗಿಡದ ತವರು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಉಷ್ಣ ಪ್ರದೇಶ ಮತ್ತು ಕೆರಿಬಿಯನ್ ದ್ವೀಪಗಳು. ಅಲ್ಲಿಂದ ಅದು ಅಲಂಕಾರದ ಗಿಡವಾಗಿ ಜಗತ್ತಿನ ಬೆಚ್ಚನೆಯ ನಾಡುಗಳಿಗೆಲ್ಲ ಹರಡಿತು. ನಮ್ಮ ನಾಡಿನ ಉದ್ಯಾನಗಳಲ್ಲಿ, ಶಾಲೆ ಕಚೇರಿಗಳ ಅಂಚಿನಲ್ಲಿ, ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಕತ್ತರಿಸಿ ನಿಲ್ಲಿಸಿರುವ ಹಳದಿ ಎಲೆಯ ಬೇಲಿ ಇದರದೇ ಒಂದು ಬಗೆ.

ಇಲ್ಲಿ ಒಂದು ವಿಚಾರವನ್ನು ಓದುಗರ ಮುಂದಿಡಬೇಕೆನಿಸುತ್ತದೆ. ವಿಷದ ಗಿಡಗಳು ನಮ್ಮ ಮನೆಮಠಗಳಿಗೆ ಹೊಸತೇನೂ ಅಲ್ಲ. ಶಿವನಿಗೆ ಪ್ರಿಯವೆನ್ನುವ ಎಕ್ಕ, ದತ್ತೂರಿ, ಕಣಗಿಲೆ ಮೂರೂ ವಿಷವುಳ್ಳವು. ನಾವು ಮಠದ ವಿದ್ಯಾರ್ಥಿಗಳಾಗಿದ್ದಾಗ ಬೆಳಗಿನ ಹೂವೆತ್ತುವ ಪಾಳಿ ನಮ್ಮದಿರುತ್ತಿತ್ತು. ಕಣಗಿಲೆ ಕಿತ್ತ ಕೈಯನ್ನು ತೊಳೆಯದೆ ತುಟಿಗೆ ತಾಗಿಸಬಾರದು, ಎಕ್ಕದ ಹಾಲು ಕಣ್ಣಿಗೆ ಸಿಡಿಯಬಾರದು, ದತ್ತೂರಿಯ ಕಾಯಿ ಮುಟ್ಟಿ ಊಟಕ್ಕೆ ಕೂಡಬಾರದು ಎಂದು ತೋಟದ ಅಜ್ಜ ದಿನವೂ ಹೇಳುತ್ತಿದ್ದ. ಕೇಳಿ ಕೇಳಿ ನಮಗೆ ಬೇಸರ ಬರುತ್ತಿತ್ತು. ಅವನಿಗೆ ಹೇಳಿ ಬೇಸರ ಬರಲಿಲ್ಲ. ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಗುಲಗಂಜಿಯೂ ಕಡು ವಿಷವೇ. ಆದರೆ ಅದನ್ನು ಬಾಯಿಗೆ ಹಾಕಬಾರದೆಂಬುದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತಿತ್ತು. ಆ ಗಿಡಗಳು ನಮ್ಮಲ್ಲಿ ಇದ್ದಷ್ಟು ಕಾಲವೂ ಅವುಗಳ ಜೊತೆಗೆ ಒಂದು ಎಚ್ಚರಿಕೆಯ ಮಾತೂ ಇತ್ತು. ಡುರಾಂಟ ದೂರದಿಂದ ಬಂದಿತು, ಮಾತು ಜೊತೆಗೆ ಬರಲಿಲ್ಲ. ಅಜ್ಜಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ, ಕೊಟ್ಟ ನಮಗೂ ಗೊತ್ತಿರಲಿಲ್ಲ. ಆ ಮಾತನ್ನು ಈಗ ನಾವೇ ಮಾಡಿಕೊಂಡು ಮಕ್ಕಳಿಗೆ ಒಪ್ಪಿಸಬೇಕಾಗಿದೆ. ಈ ಲೇಖನದ ಉದ್ದೇಶ ಇಷ್ಟೇ.

ಮೊದಲು ಗುರುತಿಸುವ ಬಗೆ. ಕತ್ತರಿಸದೆ ಬಿಟ್ಟರೆ ಡುರಾಂಟ ೧೫ ಅಡಿಗೂ ಮೀರಿ ಬೆಳೆಯಬಲ್ಲ ಪೊದೆ. ಕೊಂಬೆಗಳು ಬಿಲ್ಲಿನಂತೆ ಬಾಗಿ ತುದಿಗಳು ನೆಲದತ್ತ ಇಳಿಯುತ್ತವೆ. ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದು ದುಂಡಗಿರದೆ ನಾಲ್ಕು ಮೂಲೆಯಾಗಿರುವುದು ತಿಳಿಯುತ್ತದೆ. ಎಲೆಗಳು ಎರಡೆರಡಾಗಿ ಎದುರುಬದುರು ಇರುತ್ತವೆ. ಎಲೆಯ ಬುಡದ ಭಾಗದ ಅಂಚು ನುಣುಪು, ಮೇಲ್ಭಾಗದ ಅಂಚಿನಲ್ಲಿ ಸಣ್ಣ ಹಲ್ಲುಗಳು. ಎಲೆಯ ಕಂಕುಳಲ್ಲಿ ಕೆಲವು ಗಿಡಗಳಿಗೆ ಚೂಪಾದ ಮುಳ್ಳಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಆದುದರಿಂದ ಮುಳ್ಳನ್ನೇ ನಂಬಿ ತೀರ್ಮಾನಿಸಬಾರದು. ಹೂವು ಐದು ಎಸಳಿನದು. ತಿಳಿನೀಲಿ ಅಥವಾ ನೇರಳೆ. ಎಸಳುಗಳ ನಡುವೆ ಗಾಢ ಬಣ್ಣದ ಗೆರೆಗಳನ್ನು ಕಾಣಬಹುದು. ಬಿಳಿ ಹೂವಿನ ಬಗೆಯೂ, ಕಡುನೇರಳೆ ಎಸಳಿಗೆ ಬಿಳಿಯ ಅಂಚುಳ್ಳ ಬಗೆಯೂ ನರ್ಸರಿಗಳಲ್ಲಿ ದೊರೆಯುತ್ತವೆ.

ಖಚಿತವಾದ ಗುರುತು ಹಣ್ಣಿನಲ್ಲಿದೆ. ಕಡಲೆಕಾಳಿಗಿಂತ ತುಸು ದೊಡ್ಡದಾದ ದುಂಡನೆಯ ಹಣ್ಣು, ಮೊದಲು ಹಸಿರು, ಬಲಿತ ಮೇಲೆ ಕಿತ್ತಳೆ ಬೆರೆತ ಹಳದಿ. ಹೂವಿನ ಪುಷ್ಪಪಾತ್ರೆ ಉದುರಿಹೋಗದೆ ಹಣ್ಣಿನ ಸುತ್ತಲೂ ಬಿಗಿಯಾಗಿ ಅಂಟಿಕೊಂಡು, ತುದಿಯಲ್ಲಿ ಗಿಣಿಯ ಮೂಗಿನಂತೆ ಸ್ವಲ್ಪ ಬಾಗಿದ ಕೊಕ್ಕೆಯಾಗುತ್ತದೆ. ಎದುರುಬದುರು ಎಲೆ, ನೀಲಿ ಹೂವು, ಕೊಕ್ಕೆಯುಳ್ಳ ಹಳದಿ ಹಣ್ಣಿನ ಜೋಲು ಗೊಂಚಲು ಈ ಮೂರೂ ಒಂದೇ ಗಿಡದಲ್ಲಿದ್ದರೆ ಅದು ಡುರಾಂಟವೆಂದು ತಿಳಿಯಬಹುದು. ಸಹೋದರಿಯವರು ಕಳಿಸಿದ ಟೊಂಗೆಯಲ್ಲಿ ಇವೆಲ್ಲವೂ ಸ್ಪಷ್ಟವಾಗಿವೆ.

ಮಕ್ಕಳು ಇದನ್ನು ಯಾವುದರೊಡನೆ ತಪ್ಪು ತಿಳಿಯುತ್ತಾರೆ ಎಂಬುದನ್ನೂ ನೋಡಬೇಕು. ಹೊಲದ ಬದುವಿನಲ್ಲಿ ಬೆಳೆಯುವ ಬುಡ್ಡೆಹಣ್ಣು ಕೂಡ ಹಳದಿ, ದುಂಡಗೆ. ಆದರೆ ಅದು ಕಾಗದದ ಬುಡ್ಡಿಯಂಥ ಸಡಿಲವಾದ ಹೊದಿಕೆಯೊಳಗೆ ಒಂಟಿಯಾಗಿ ಇರುತ್ತದೆ, ಗಿಡ ಮೊಣಕಾಲೆತ್ತರದ್ದು. ಗಣಿಕೆ ಹಣ್ಣನ್ನು ತಿಂದು ರೂಢಿಯಾದ ಮಕ್ಕಳು ಗೊಂಚಲನ್ನು ಕಂಡೊಡನೆ ಕೈ ಹಾಕುತ್ತಾರೆ. ಗಣಿಕೆಯೂ ಮೆತ್ತನೆಯ ಕಾಂಡದ ಸಣ್ಣ ಗಿಡವೇ ಹೊರತು ಕಟ್ಟಿಗೆಯಾಗುವ ಪೊದೆಯಲ್ಲ. ಕವಳಿಯಾದರೋ ಮುಳ್ಳಿನ ಪೊದೆ. ಆದರೆ ಅದರ ಎಲೆ ಚಿವುಟಿದರೆ ಬಿಳಿಯ ಹಾಲು ಒಸರುತ್ತದೆ, ಹೂವು ಬಿಳಿ, ಹಣ್ಣು ಕಪ್ಪುನೇರಳೆ. ಡುರಾಂಟದ ಎಲೆಯಲ್ಲಿ ಹಾಲು ಬರುವುದಿಲ್ಲ.

ಹಕ್ಕಿ ತಿಂದ ಹಣ್ಣನ್ನು ಮನುಷ್ಯರು ತಿನ್ನಬಹುದೆಂಬ ಮಾತು ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಈ ಗಿಡದ ವಿಷಯದಲ್ಲಿ ಆ ಮಾತು ಪೂರ್ಣವಾಗಿ ಸುಳ್ಳು. ಪಿಕಳಾರ ಹಕ್ಕಿಗಳು ಇದರ ಹಣ್ಣನ್ನು ತಿಂದು ಸುಖವಾಗಿರುತ್ತವೆ. ಮನುಷ್ಯರಿಗೆ, ವಿಶೇಷವಾಗಿ ಮಕ್ಕಳಿಗೆ, ಹಾಗೆಯೇ ನಾಯಿ ಬೆಕ್ಕುಗಳಿಗೆ ಅದು ವಿಷ. ಹಣ್ಣು ಎಲೆಗಳಲ್ಲಿ ಸಪೋನಿನ್ ಎಂಬ ದ್ರವ್ಯಗಳಿವೆ. ನಾವು ತಲೆ ತೊಳೆಯಲು ಬಳಸುವ ಅಂಟವಾಳದಲ್ಲಿ ನೊರೆ ಬರಿಸುವ ದ್ರವ್ಯಗಳೂ ಇದೇ ವರ್ಗದವು. ವಾಂತಿ, ಹೊಟ್ಟೆನೋವು, ಜ್ವರ, ಮಂಪರು, ನಾಡಿಯ ವೇಗ ಹೆಚ್ಚುವುದು, ಕಣ್ಣಿನ ಪಾಪೆ ಅಗಲವಾಗುವುದು ಇದರ ಲಕ್ಷಣಗಳು. ಹೆಚ್ಚು ತಿಂದಾಗ ಸೆಳೆತವೂ ಬರಬಹುದು. ಮಕ್ಕಳು ತೀರಿಕೊಂಡ ಪ್ರಸಂಗಗಳೂ ಹೊರದೇಶಗಳಲ್ಲಿ ದಾಖಲಾಗಿವೆ.

ಮಗುವನ್ನು ಮನೆಗೆ ಕರೆತಂದ ಮರುದಿನ ನಾವು ಉಳಿದೆರಡು ಮನೆಗಳಿಗೂ ಹೋದೆವು. ಒಂದು ಮನೆಯ ಯಜಮಾನರು ನಮ್ಮ ಮಾತು ಮುಗಿಯುವ ಮೊದಲೇ ಹಾರೆ ತಂದು ಗಿಡವನ್ನು ಬುಡಸಹಿತ ಅಗೆದು ಹಾಕಿದರು. ಇನ್ನೊಂದು ಮನೆಯ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಿಡದ್ದೇನು ತಪ್ಪೈತ್ರಿ ಗುರುಗಳೆ? ಇಟ್ಟುಕೋಬೇಕಂದ್ರ ಹೆಂಗ ಇಟ್ಟುಕೋಬೇಕು, ಅದನ್ನ ಹೇಳ್ರಿ” ಎಂದರು. ಮೊದಲಿನವರು ಮಾಡಿದ್ದೂ ಸರಿಯೇ. ಪುಟ್ಟ ಮಕ್ಕಳ ಮನೆಯಲ್ಲಿ ಅಂಜಿಕೆ ಸಹಜ. ಆದರೆ ಈ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುವುದು ನಮ್ಮ ಹೊಣೆಯಾಗಿತ್ತು. ತೋಟಗಾರಿಕೆ ಬಲ್ಲವರನ್ನು ಕೇಳಿ, ನಮ್ಮ ಕಿಟಕಿಯ ಬಳಿಯ ಎರಡು ಗಿಡಗಳ ಮೇಲೆ ನಡೆಸಿ ನೋಡಿ, ಅವರಿಗೆ ತಿಳಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತೇವೆ.

ಡುರಾಂಟ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಿಗುರನ್ನು ಆಗಾಗ ಕತ್ತರಿಸುತ್ತಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಹಣ್ಣಿಲ್ಲ. ಹೆದ್ದಾರಿಯ ಬೇಲಿಗಳಲ್ಲಿ ಹಣ್ಣು ಕಾಣದಿರುವುದಕ್ಕೆ ಇದೇ ಕಾರಣ. ಆದುದರಿಂದ ಮಕ್ಕಳಿರುವ ಮನೆಯವರು ಹಳದಿ ಎಲೆಯ ಬಗೆಯನ್ನು ಬೇಲಿಯಾಗಿ ಬೆಳೆಸಿ, ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಕತ್ತರಿಸಿದರೆ ಅಂದವೂ ಉಳಿಯುತ್ತದೆ, ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ. ಎಲೆಯಲ್ಲೂ ವಿಷವಿದೆಯೆಂಬುದನ್ನು ಮಾತ್ರ ಮರೆಯಬಾರದು. ನೀಲಿ ಹೂವು ಬೇಕೆನ್ನುವವರು ಹೂವು ಬಾಡಿದೊಡನೆ, ಕಾಯಿ ಇನ್ನೂ ಹಸಿರಾಗಿರುವಾಗಲೇ, ಇಡೀ ಗೊಂಚಲನ್ನು ಕತ್ತರಿಸಿ ತೆಗೆಯಬೇಕು. ಹೂವಿನ ಕಾಲದಲ್ಲಿ ವಾರಕ್ಕೊಂದು ದಿನ ಇದಕ್ಕೆಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಆ ತಾಯಿ ಸೋಮವಾರವನ್ನು ಗೊತ್ತುಮಾಡಿಕೊಂಡಿದ್ದಾರೆ. ಹಣ್ಣಿನ ಅಂದವೇ ಬೇಕೆನ್ನುವವರು, ಚಿಕ್ಕ ಮಕ್ಕಳು ಬಂದುಹೋಗುವ ಮನೆಯಾಗಿದ್ದರೆ, ಆ ಆಸೆಯನ್ನು ಕೆಲವು ವರ್ಷ ಮುಂದಕ್ಕೆ ಹಾಕುವುದು ಒಳಿತು.

ಗಿಡ ಮಾಡಿಕೊಳ್ಳುವುದು ಸುಲಭ. ಮುಂಗಾರು ಆರಂಭವಾದ ಮೇಲೆ, ತೀರ ಎಳೆಯದೂ ಅಲ್ಲದ, ಪೂರ್ತಿ ಕಟ್ಟಿಗೆಯೂ ಆಗದ ಕೊಂಬೆಯಿಂದ ೪ರಿಂದ ೬ ಅಂಗುಲ ಉದ್ದದ ತುಂಡುಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗಿಣ್ಣು ಮುಚ್ಚುವಂತೆ ಊರಿ, ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ೪ರಿಂದ ೬ ವಾರಗಳಲ್ಲಿ ಬೇರು ಬರುತ್ತದೆ. ನೆಡುವ ಜಾಗ ಬಿಸಿಲಿನದಾಗಿರಬೇಕು, ನೀರು ನಿಲ್ಲಬಾರದು. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಅಂತರ ಸಾಕು. ಗುಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಹಾಕಬೇಕು. ಬೇರೂರುವವರೆಗೆ ದಿನ ಬಿಟ್ಟು ದಿನ ನೀರು ಕೊಡಬೇಕು. ಹಳದಿ ಎಲೆಯ ಬಗೆ ನೆರಳಿನಲ್ಲಿ ಹಸಿರಾಗುತ್ತದೆ. ನಡುವೆ ಹಸಿರು ಚಿಗುರು ಹೊರಟರೆ ಅದನ್ನು ಬುಡದಿಂದಲೇ ತೆಗೆಯಬೇಕು, ಇಲ್ಲವಾದರೆ ಅದು ಹಳದಿಯನ್ನು ಮೀರಿ ಬೆಳೆಯುತ್ತದೆ. ಎಲೆಯಡಿಯಲ್ಲಿ ಬಿಳಿನೊಣ ಕಂಡರೆ ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಿಂಪಡಿಸಬಹುದು.

ಕತ್ತರಿಸಿದ ಟೊಂಗೆಗಳನ್ನು ದನದ ಕೊಟ್ಟಿಗೆಯ ಬಳಿಯಾಗಲಿ, ಆಡು ಕುರಿ ಮೇಯುವಲ್ಲಾಗಲಿ ಎಸೆಯಬಾರದು. ಹಣ್ಣುಗಳನ್ನು ಹಳ್ಳದ ದಂಡೆಗೂ ಕಾಡಿನಂಚಿಗೂ ಚೆಲ್ಲಬಾರದು. ಆಸ್ಟ್ರೇಲಿಯದ ಪೂರ್ವ ಭಾಗದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ ಈ ಗಿಡ ಹಕ್ಕಿಗಳ ಮೂಲಕ ಹರಡಿ ಕಳೆಯಾಗಿದೆ. ನಮ್ಮಲ್ಲಿ ಇದೇ ಕುಟುಂಬಕ್ಕೆ ಸೇರಿದ ಲಂಟಾನ ಏನು ಮಾಡಿದೆಯೆಂಬುದನ್ನು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದ ಭಕ್ತರೆಲ್ಲ ಕಂಡಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತಂದ ಆ ಗಿಡ ಇಂದು ದಾರಿಯ ಎರಡೂ ಬದಿಯ ಕಾಡನ್ನು ಆವರಿಸಿದೆ. ಅಲ್ಲಿನ ಸೋಲಿಗರು ಅದನ್ನು ಕಡಿದು, ಬೇಯಿಸಿ, ಸಿಪ್ಪೆ ತೆಗೆದು, ಬುಟ್ಟಿ ಕುರ್ಚಿಗಳನ್ನು ಹೆಣೆಯುವ ಕಾಯಕ ಕಲಿತಿದ್ದಾರೆ. ಅದು ಅವರ ಜಾಣ್ಮೆ. ಆದರೂ ಕಾಡು ಹಿಂದಿನಂತಾಗಿಲ್ಲ.

ಒಂದು ವೇಳೆ ಮಗು ಈ ಹಣ್ಣನ್ನು ತಿಂದೇಬಿಟ್ಟರೆ ಮಾಡಬೇಕಾದುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಬಾಯಲ್ಲಿ ಉಳಿದುದನ್ನು ಬೆರಳಿನಿಂದ ತೆಗೆದು, ಬಾಯಿ ತೊಳೆಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯನ್ನು ಬಿಡಬೇಕು. ಮಂಪರಿನಲ್ಲಿರುವ ಮಗುವಿಗೆ ವಾಂತಿ ಶ್ವಾಸನಾಳಕ್ಕೆ ಇಳಿದರೆ ಅದೇ ಪ್ರಾಣಾಂತಿಕ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ೧೦೮ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಹೊರಡುವಾಗ ಎಲೆ ಹೂ ಹಣ್ಣುಗಳಿರುವ ಒಂದು ಟೊಂಗೆಯನ್ನು ಮರೆಯದೆ ಜೊತೆಗೆ ಕೊಂಡೊಯ್ಯಬೇಕು. ವೈದ್ಯರ ಮುಂದೆ ‘ಡುರಾಂಟ’ ಎಂಬ ಹೆಸರನ್ನು, ತಿಂದ ಹೊತ್ತನ್ನು, ಅಂದಾಜು ಎಷ್ಟು ತಿಂದಿದೆಯೆಂಬುದನ್ನು ಹೇಳಬೇಕು. ನಾವು ಅಂದು ಹೇಳಲಾರದೆ ನಿಂತದ್ದು ಇದನ್ನೇ.

ಹಣ್ಣಿನ ಗಿಡ ಅಂಗಳದಲ್ಲಿ ಇರಲೇಬೇಕು, ಮಕ್ಕಳೂ ತಿನ್ನುವಂತಿರಬೇಕು ಎನ್ನುವವರಿಗೆ ನಮ್ಮ ನಾಡಿನ ಕವಳಿಯೇ ಇದೆ. ಸಂಸ್ಕೃತದಲ್ಲಿ ‘ಕರಮರ್ದ’ ಎಂದು ಕರೆಯುವುದು ಇದನ್ನೇ. ಮಾಗಿದ ಹಣ್ಣಿನ ಬೀಜವನ್ನು ತಡಮಾಡದೆ ಊರಿದರೆ ಹುಟ್ಟುತ್ತದೆ. ನೀರು ಕಡಿಮೆಯಾದರೂ ಬದುಕುತ್ತದೆ. ಬಿಳಿಯ ಹೂವಿಗೆ ಪರಿಮಳವಿದೆ. ಎಳೆಗಾಯಿ ಉಪ್ಪಿನಕಾಯಿಗೆ, ಹಣ್ಣು ಬಾಯಿಗೆ. ಮುಳ್ಳು ಗಟ್ಟಿ, ಆದುದರಿಂದ ಮಕ್ಕಳು ಓಡಾಡುವ ದಾರಿಯನ್ನು ಬಿಟ್ಟು ಬೇಲಿಯ ಸಾಲಿನಲ್ಲಿ ನೆಡಬೇಕು.

ಇನ್ನು ಸಹೋದರಿಯವರ ಮೂರನೆಯ ಪ್ರಶ್ನೆ. ವಿಷದ ಗಿಡದ ಹೂವೆಂಬ ಒಂದೇ ಕಾರಣಕ್ಕೆ ಅದು ಲಿಂಗಕ್ಕೆ ಸಲ್ಲದೆಂದು ನಾವು ಹೇಳಲಾರೆವು. ಎಕ್ಕ, ಕಣಗಿಲೆಗಳು ಸಲ್ಲುತ್ತಿರುವಾಗ ಇದೊಂದನ್ನು ದೂರವಿಡಲು ನ್ಯಾಯವಿಲ್ಲ. ಹೂವನ್ನು ಏರಿಸಬಹುದು. ಆದರೆ ಪಾದೋದಕದ ಬಟ್ಟಲಿಗೆ ಇದರ ಒಂದು ಎಸಳೂ ಬೀಳಬಾರದು. ಪೂಜೆ ಮುಗಿದ ಮೇಲೆ ಈ ಹೂವನ್ನು ಪ್ರಸಾದದ ತಟ್ಟೆಯಲ್ಲಿ ಹಣ್ಣು ಸಕ್ಕರೆಗಳ ಜೊತೆ ಇಡಬಾರದು, ಮಕ್ಕಳ ಕೈಗೆ ಕೊಡಬಾರದು. ಹಣ್ಣನ್ನಂತೂ ಪೂಜಾಗೃಹದೊಳಗೆ ತರಲೇಬಾರದು. ಮಗುವಿನ ಕಣ್ಣಿಗೆ ದೇವರ ಮುಂದೆ ಇಟ್ಟದ್ದೆಲ್ಲ ಪ್ರಸಾದವೇ.

ಕಲ್ಯಾಣದ ಶರಣರಲ್ಲಿ ಹೂವಿನ ಕಾಯಕದ ಹೂಗಾರ ಮಾದಯ್ಯನವರೂ ಇದ್ದರು, ವೈದ್ಯ ಕಾಯಕದ ಸಂಗಣ್ಣನವರೂ ಇದ್ದರು. ಅಂಗಳದಲ್ಲಿ ಗಿಡ ನೆಡುವವರಿಗೆ ಈ ಇಬ್ಬರೂ ಬೇಕು. ನೆಡುವ ಮೊದಲು ಹೆಸರು ಕೇಳಬೇಕು; ಕೊಡುವ ಮೊದಲು ಹೆಸರನ್ನೂ ಗುಣವನ್ನೂ ಹೇಳಿ ಕೊಡಬೇಕು. ದಾನವಾಗಿ ಕೊಟ್ಟ ಗಿಡಕ್ಕೂ ಈ ಮಾತು ಸಲ್ಲುತ್ತದೆ. ಗೌರವದಿಂದ ಸ್ವೀಕರಿಸುವವರು ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ನಮ್ಮಂಥವರ ಮೇಲೆ ಆ ಹೊಣೆ ಇನ್ನೂ ಹೆಚ್ಚು.

ಆ ಮಗು ಈಗ ಪ್ರೌಢಶಾಲೆಗೆ ಹೋಗುತ್ತಿದೆ. ಅವರ ಅಂಗಳದಲ್ಲಿ ಈಗ ಕವಳಿಯ ಗಿಡವಿದೆ. ಅದನ್ನೂ ನಾವೇ ಕೊಟ್ಟೆವು, ಈ ಸಲ ಹೆಸರು ಹೇಳಿ. ಹೋದಾಗಲೆಲ್ಲ ಆ ತಾಯಿ ಒಂದು ಭರಣಿ ಉಪ್ಪಿನಕಾಯಿ ಕಟ್ಟಿ ಕೊಡುತ್ತಾರೆ. ಸಹೋದರಿಯವರು ತಮ್ಮ ಮೊಮ್ಮಕ್ಕಳನ್ನು ಇಂದೇ ಗಿಡದ ಬಳಿಗೆ ಕರೆದೊಯ್ದು, ಹಣ್ಣನ್ನು ತೋರಿಸಿ, ಇದರ ಹೆಸರು ಡುರಾಂಟ, ನೋಡುವುದಕ್ಕೆ ಮಾತ್ರ, ಬಾಯಿಗಲ್ಲ ಎಂದು ಹೇಳಲಿ. ನಾಳೆಯೂ ಹೇಳಲಿ. ತೋಟದ ಅಜ್ಜ ನಮಗೆ ಹೇಳುತ್ತಿದ್ದಂತೆ, ಬೇಸರವಿಲ್ಲದೆ ಹೇಳಲಿ. ಅನಂತರ ಹಣ್ಣಿನ ಗೊಂಚಲುಗಳನ್ನೆಲ್ಲ ಕತ್ತರಿಸಿ ತೆಗೆಯಲಿ.